ಗುರುತು ಬೀಳದ ತುರಿಕೆ

ಹೊಳೆದಂಡೆಯ ಮಠದಲ್ಲಿ ನಿರ್ವಾಣಯ್ಯ ಎಂಬ ವೈದ್ಯರಿದ್ದರು. ಅವರ ಶಿಷ್ಯ ಶಾಂತಮಲ್ಲ. ಕಲಿತದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಗೊತ್ತು ಅನ್ನುವ ಪೈಕಿ.

ಒಂದು ಬೆಳಿಗ್ಗೆ ಕಂಬಳಿ ನೇಯುವ ಬೀರವ್ವ ತನ್ನ ಸೊಸೆ ಹೊನ್ನವ್ವನನ್ನು ಕರಕೊಂಡು ಬಂದಳು.

"ಉಣ್ಣೆ ಮುಟ್ಟಿದರೆ ಇವಳಿಗೆ ಮೈಯೆಲ್ಲ ತುರಿಸ್ತದಂತೆ ಬುದ್ಧಿ. ನಮ್ಮನೇಲಿ ಹಸುಗೂಸೂ ಕಂಬಳಿ ಮೇಲೇ ಮಲಗ್ತದೆ. ಇದು ರೋಗವೋ ಕಳ್ಳಾಟವೋ ನೀವೇ ಹೇಳಿ. ಕಳ್ಳಾಟ ಅಂದರೆ ಇವತ್ತೇ ತವರಿಗೆ ಬಿಟ್ಟು ಬರ್ತೀನಿ."

ಹೊನ್ನವ್ವ ಅತ್ತೆ ಹೊರಿಸಿದ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಅತ್ತೆಯ ಎದುರು ಕೈ ತುರಿಸಿಕೊಳ್ಳಲಿಕ್ಕೂ ಹೆದರಿಕೆ ಪಾಪ.

"ನೀನೇ ನೋಡಪ್ಪ," ಎಂದರು ಗುರುಗಳು ಶಿಷ್ಯನಿಗೆ.

ಶಾಂತಮಲ್ಲ ಅವಳ ಮಡಿಲಲ್ಲಿದ್ದ ಕಂಬಳಿಯ ಅಂಚನ್ನು ಮೊದಲು ತನ್ನ ಅಂಗೈಗೆ ಉಜ್ಜಿಕೊಂಡ. ಏನೂ ಆಗಲಿಲ್ಲ. ಆಮೇಲೆ ಅವಳ ಮುಂಗೈಗೆ ಉಜ್ಜಿದ. ಅವಳು ತುಟಿ ಕಚ್ಚಿದಳು. ಇವನು ಆ ಕೈಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ. ಗಂಧೆಯಿಲ್ಲ, ಗುಳ್ಳೆಯಿಲ್ಲ, ಕೆಂಪಗೂ ಆಗಿಲ್ಲ.

"ಗುರುಗಳೇ, ಇದು ಸುಳ್ಳು."

ಬೀರವ್ವ ಸೆರಗು ಸಿಗಿಸಿಕೊಂಡು ಎದ್ದೇಬಿಟ್ಟಳು.

"ಸುಳ್ಳಲ್ಲ, ದೇವರಾಣೆ," ಎಂದಳು ಹೊನ್ನವ್ವ. ಕಣ್ಣು ತುಂಬಿಕೊಂಡಿತ್ತು.

"ಕೂತ್ಕೊಳ್ಳಮ್ಮ ಬೀರವ್ವ, ಏನವಸರ," ಎಂದರು ಗುರುಗಳು.

ಅವತ್ತು ಮಠದಲ್ಲಿ ಕ್ಷೌರದ ದಿನ. ಶಾಂತಮಲ್ಲನ ತಲೆ ಆಗತಾನೇ ನುಣ್ಣಗಾಗಿತ್ತು. ಗುರುಗಳು ಒಂದು ನಿಂಬೆಹಣ್ಣು ಕೊಯ್ದು ಅರ್ಧ ಹೋಳನ್ನು ಅವನ ಅಂಗೈಗೆ ಹಿಂಡಿದರು.

"ಉರೀತದಾ?"

"ಇಲ್ಲ ಗುರುಗಳೇ."

ಇನ್ನರ್ಧ ಹೋಳನ್ನು ನೆತ್ತಿಗೆ ಹಿಂಡಿದರು. ಶಾಂತಮಲ್ಲ ಕೂತಲ್ಲೇ ಕುಣಿದ.

"ಅಯ್ಯಯ್ಯೋ, ಉರಿ ಗುರುಗಳೇ, ಉರಿ."

"ಬೀರವ್ವ, ಇವನ ತಲೆ ನೋಡು. ಗಾಯ ಇದೆಯಾ?"

ಬೀರವ್ವ ಬಗ್ಗಿ ನೋಡಿದಳು. "ಒಂದು ಗೀರೂ ಇಲ್ಲ ಬುದ್ಧಿ."

"ಕೆಂಪಗಾಗಿದೆಯಾ?"

"ಅದೂ ಇಲ್ಲ."

"ಹಣ್ಣು ಒಂದೇ. ಅಂಗೈ ಸುಮ್ಮನಿದೆ, ತಲೆ ಮಾತ್ರ ಉರೀತದಂತೆ. ಹಾಗಾದರೆ ಇವನದು ಕಳ್ಳಾಟ."

"ಸುಳ್ಳಲ್ಲ ಗುರುಗಳೇ, ದೇವರಾಣೆ..." ಎಂದವನು ಹೊನ್ನವ್ವನ ಮುಖ ಕಂಡು ಅಲ್ಲಿಗೇ ನಿಲ್ಲಿಸಿದ. ನಾಚಿಕೆಯಿಂದ ಹಿಡಿಯಷ್ಟಾದ. ಈ ಮಾತನ್ನು ಅವಳು ಆ ಮನೆಯಲ್ಲಿ ಇನ್ನೆಷ್ಟು ಸಲ ಹೇಳಿರಬೇಕು.

ಬೀರವ್ವ ಸೊಸೆಯ ಮಡಿಲಿಂದ ಕಂಬಳಿಯನ್ನು ಮೆಲ್ಲಗೆ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

"ಹಾಗಾದರೆ ತುರಿಕೆಯನ್ನು ಪರೀಕ್ಷೆ ಮಾಡೋದು ಹೇಗೆ ಗುರುಗಳೇ?" ಶಾಂತಮಲ್ಲ ಸಣ್ಣ ದನಿಯಲ್ಲಿ ಕೇಳಿದ.

ಗುರುಗಳು ಒದ್ದೆ ಬಟ್ಟೆಯಿಂದ ಅವನ ನೆತ್ತಿ ಒರೆಸಿದರು.

"ನಿನ್ನ ಅಂಗೈಯನ್ನು ಕೇಳಿದೆ, ನಿನ್ನ ಕಣ್ಣನ್ನು ಕೇಳಿದೆ. ತುರಿಸೋದು ಯಾರಿಗೋ ಅವಳನ್ನು ಇನ್ನೂ ಕೇಳೇ ಇಲ್ಲವಲ್ಲಪ್ಪ."