ಕಟ್ಟೆಯ ಮೇಲಿಂದ ಹೇಳಿದ ಮಾತು

ಈ ಕಥೆಯಲ್ಲಿ ಪವಾಡ ಇಲ್ಲ. ಒಂದು ನದಿ ಇದೆ, ಒಂದು ಕೂಸು ಇದೆ, ಒಂದಿಷ್ಟು ಕುಂಬಳಕಾಯಿ ಇದೆ. ಪವಾಡ ಬೇಕಾದವರು ಬೇರೆ ಕಥೆ ಹುಡುಕಿಕೊಳ್ಳಲಿ.

ನದಿ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ರೇವಣಯ್ಯ ಅಂತ ಒಬ್ಬ ಗುರು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರೇ ವೈದ್ಯರು. ಜನ ಅವರನ್ನು ಅಜ್ಜಾರು ಅನ್ನುತ್ತಿದ್ದರು.

ಅವರ ಹತ್ತಿರ ವೈದ್ಯ ಕಲಿಯಲು ಬಂದವನು ಕೊಟ್ರೇಶ. ಬಂದು ಹತ್ತು ತಿಂಗಳಾಗಿತ್ತು. ಬುದ್ಧಿ ಚುರುಕು, ಕಣ್ಣು ಇನ್ನೂ ಚುರುಕು. ಯಾರಾದರೂ ಅಂಗಳ ದಾಟಿ ಬರುವಷ್ಟರಲ್ಲೇ ಇವರಿಗೆ ವಾತ, ಇವರಿಗೆ ಪಿತ್ತ ಅಂದುಬಿಡುತ್ತಿದ್ದ. ಹೆಚ್ಚಾಗಿ ಅವನು ಹೇಳಿದ್ದು ಸರಿಯೇ ಇರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಮಠದ ಮುಂದೆ ಸೊಂಟದೆತ್ತರದ ಕಟ್ಟೆ. ವೈದ್ಯರು ಕಟ್ಟೆಯ ಮೇಲೆ ಕೂಡುವುದು, ಬಂದವರು ಕೆಳಗೆ ಅಂಗಳದಲ್ಲಿ ನಿಂತು ಕಷ್ಟ ಹೇಳಿಕೊಳ್ಳುವುದು ಅಲ್ಲಿನ ಹಳೆಯ ಪದ್ಧತಿ.

ಕೊಟ್ರೇಶ ಬಂದಾಗಿನಿಂದ ಕಂಡಂತೆ ರೇವಣಯ್ಯ ಹಾಗೆ ಮಾಡುತ್ತಿರಲಿಲ್ಲ. ಯಾರೇ ಬರಲಿ, ಕಂಬ ಹಿಡಿದು, ಮೊಣಕಾಲು ಲಟಲಟ ಅನ್ನಿಸುತ್ತ ಕೆಳಗಿಳಿದು ಮಣ್ಣಿನ ಮೇಲೆ ಕೂಡುತ್ತಿದ್ದರು. ಮತ್ತೆ ಏಳುವಾಗ ಕೊಟ್ರೇಶನೇ ಕೈ ಕೊಡಬೇಕು. ದಿನಕ್ಕೆ ಇಪ್ಪತ್ತು ಸಲ ಅಜ್ಜಾರನ್ನು ಎಬ್ಬಿಸಿ ಎಬ್ಬಿಸಿ ಅವನಿಗೆ ಸಾಕುಸಾಕಾಗಿತ್ತು.

ಎಲ್ಲರಿಗಿಂತ ಹೆಚ್ಚು ಸಲ ಬರುತ್ತಿದ್ದವನು ಹುಲುಗಪ್ಪ. ಹರಿಗೋಲು ನಡೆಸುವ ಅಂಬಿಗ. ಹೆಂಡತಿ ತೀರಿಕೊಂಡಿದ್ದಳು. ಒಂದೂವರೆ ವರ್ಷದ ಮಗಳು ದುರುಗಿಯನ್ನು ಒಬ್ಬನೇ ಸಾಕುತ್ತಿದ್ದ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಹುಟ್ಟು ಹಾಕುತ್ತಿದ್ದ.

"ಅಜ್ಜಾರ, ರಾತ್ರಿ ಎರಡು ಸಲ ಸೀನಿದ್ಲುರಿ."

"ಅಜ್ಜಾರ, ಇವತ್ತು ಭಾಳ ಹೊತ್ತು ಮಲಗಿದ್ಲುರಿ. ಇಷ್ಟೊತ್ತು ಮಲಗಬೋದೇನ್ರಿ?"

ರೇವಣಯ್ಯ ಪ್ರತಿ ಸಲವೂ ಇಳಿಯುತ್ತಿದ್ದರು. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಣ್ಣು, ನಾಲಿಗೆ, ಹೊಟ್ಟೆ, ಅಂಗಾಲು ನೋಡುತ್ತಿದ್ದರು. ದುರುಗಿ ಅವರ ಗಡ್ಡ ಹಿಡಿದು ಜಗ್ಗುತ್ತಿದ್ದಳು.

"ಗಡ್ಡ ಜಗ್ಗಾಕ ಬಲ ಐತಿ. ಚೊಲೋ ಅದಾಳಪ್ಪ ನಿನ್ನ ಮಗಳು."

ಆಗ ಹುಲುಗಪ್ಪ ಉಸಿರು ಬಿಡುತ್ತಿದ್ದ. ಬೆಳಗಿನಿಂದ ಹಿಡಿದುಕೊಂಡಿದ್ದ ಉಸಿರು.

ಒಂದು ದಿನ ಕೊಟ್ರೇಶ ತಡೆಯಲಾರದೆ ಕೇಳಿದ. "ಅಜ್ಜಾರ, ಈ ತಿಂಗಳಾಗ ನಾಕು ಸಲ ಬಂದಾನ. ನಾಕೂ ಸಲ ಕೂಸಿಗೆ ಏನೂ ಇರಲಿಲ್ಲ. ಕಟ್ಟಿ ಮ್ಯಾಲಿಂದನ ಹೇಳಿ ಕಳಿಸಬೋದಿತ್ತಲ್ರಿ?"

"ಮೊದಲು ನನ್ನ ಎಬ್ಬಿಸೋ," ಅಂದರು ರೇವಣಯ್ಯ.

ಅದು ಉತ್ತರವೋ, ಮೊಣಕಾಲು ನೋವೋ, ಕೊಟ್ರೇಶನಿಗೆ ತಿಳಿಯಲಿಲ್ಲ. ಎಬ್ಬಿಸಿದ.

ಬೇಸಿಗೆಯ ಒಂದು ದಿನ. ಪಕ್ಕದ ಊರಲ್ಲಿ ಯಾರಿಗೋ ಹುಷಾರಿಲ್ಲ ಅಂತ ಗುರುಗಳು ಬೆಳಿಗ್ಗೆಯೇ ಹೋಗಿದ್ದರು. ಕೊಟ್ರೇಶ ಕಟ್ಟೆಯ ಮೇಲೆ ಕಲಬತ್ತು ಇಟ್ಟುಕೊಂಡು ಅಳಲೆಕಾಯಿ ಕುಟ್ಟುತ್ತಿದ್ದ.

ಹುಲುಗಪ್ಪ ಕೂಸನ್ನು ಎದೆಗೆ ಅವಚಿಕೊಂಡು ಓಡಿಬಂದ.

"ಮರಿ ಅಯ್ಯಾರ, ಅಜ್ಜಾರು ಎಲ್ಲಿರಿ?"

"ಊರಾಗಿಲ್ಲ. ಸಂಜಿಗೆ ಬರ್ತಾರ. ಏನಾತು?"

"ಕೂಸಿನ ಅಂಗೈ ಹಳದಿ ಆಗ್ಯಾವ್ರಿ. ಅಂಗಾಲೂ ಹಳದಿ ಆಗ್ಯಾವ್ರಿ."

ಕೊಟ್ರೇಶ ತಲೆ ಎತ್ತಿದ. ದುರುಗಿ ಅವನನ್ನು ನೋಡಿ ನಕ್ಕಳು. ಅಂಗೈ ಹಳದಿ, ನಿಜ. ಕಣ್ಣು ಮಾತ್ರ ಬೆಳ್ಳಗೆ ಇತ್ತು. ಮುಷ್ಟಿಯಲ್ಲಿ ಬೇಯಿಸಿದ ಸಿಹಿಗುಂಬಳದ ಹೋಳೊಂದು ಹಿಚುಕಿ ಹೋಗಿತ್ತು. ಗಲ್ಲದ ತುಂಬ ಅದೇ ಮೆತ್ತಿಕೊಂಡಿತ್ತು.

ಅವನಿಗೆ ತಕ್ಷಣ ಗೊತ್ತಾಯಿತು. ಗೊತ್ತಾದದ್ದು ಸರಿಯಾಗಿಯೂ ಇತ್ತು. ಅವನನ್ನು ಬೈಯುವ ಮೊದಲು ಇಷ್ಟು ಒಪ್ಪಿಕೊಳ್ಳಬೇಕು.

"ಏನೂ ಇಲ್ಲ. ಹೋಗು," ಅಂದ. ಕುಟ್ಟತೊಡಗಿದ.

"ಕಾಮಾಲಿ ಅಲ್ಲೇನ್ರಿ?"

"ಅಲ್ಲ."

"ಒಂದೀಟು ಇಳಿದು ನೋಡ್ರಿ ಅಯ್ಯಾರ. ಕೈ ಮುಗೀತೀನಿ."

"ಇಲ್ಲಿಂದನ ಕಾಣತೈತಿ. ಏನೂ ಇಲ್ಲ ಅಂದ್ನೆಲ್ಲ?"

ಹುಲುಗಪ್ಪ ಸ್ವಲ್ಪ ಹೊತ್ತು ಅಂಗಳದಲ್ಲೇ ನಿಂತ. ಆಮೇಲೆ ನದಿಯ ಕಡೆ ನಡೆದ.

ಮಧ್ಯಾಹ್ನ ಇಳಿಯುವ ಮೊದಲೇ ಗುರುಗಳು ಬಂದುಬಿಟ್ಟರು.

"ಯಾರು ಬಂದಿದ್ರು?"

"ಹುಲುಗಪ್ಪ. ಕೂಸಿನ ಕೈ ಹಳದಿ ಆಗ್ಯಾವ ಅಂತ. ಕಣ್ಣು ಬೆಳ್ಳಗ ಇದ್ವು. ಕುಂಬಳಕಾಯಿ ತಿಂದು ತಿಂದು ಬಂದ ಬಣ್ಣ ಅದು. ಏನೂ ಇಲ್ಲ ಅಂದು ಕಳಿಸಿದೆ."

"ಕುಂಬಳಕಾಯಿ ಅಂತ ಅಂವಗ ಹೇಳಿದಿ?"

"ಇಲ್ಲ."

"ಕೂಸನ್ನ ಮುಟ್ಟಿದಿ?"

"ಇಲ್ರಿ. ಇಲ್ಲಿಂದನ…"

ರೇವಣಯ್ಯ ಆಗಲೇ ನದಿಯ ಕಡೆ ತಿರುಗಿದ್ದರು. ಆಚೆ ದಂಡೆಯಲ್ಲಿ ಹರಿಗೋಲು ಕವುಚಿ ಹಾಕಿತ್ತು. ಹತ್ತಿರ ಯಾರೂ ಇರಲಿಲ್ಲ.

"ಇವತ್ತು ಸಂತಿ ಇಲ್ಲ. ಆ ದಂಡಿಗೆ ಯಾಕ ಹೋದ? ಅಲ್ಲಿ ಯಾರದಾರ?"

ಕೊಟ್ರೇಶನ ಕೈ ನಿಂತಿತು. ಆ ದಂಡೆಯಲ್ಲಿ ಇದ್ದವಳು ಸಂಕಮ್ಮ. ಕಾಮಾಲೆ ಅಂತ ಬಂದ ಕೂಸುಗಳಿಗೆ ಕಬ್ಬಿಣದ ಕಡ್ಡಿ ಕೆಂಪಗೆ ಕಾಸಿ ಹೊಟ್ಟೆಯ ಮೇಲೆ ಬರೆ ಎಳೆಯುವವಳು. ಹೋದ ವರ್ಷ ಅಂಥ ಒಂದು ಬರೆ ಕೀವಾಗಿ ಒಂದು ಕೂಸು ಉಳಿಯಲಿಲ್ಲ. ಸುತ್ತಲಿನವರಿಗೆಲ್ಲ ಅದು ಗೊತ್ತಿತ್ತು.

"ಓಡು," ಅಂದರು ಗುರುಗಳು.

"ಹೋಗಿ ಏನು ಹೇಳ್ಲಿ ಅಜ್ಜಾರ?"

"ಹೇಳಬ್ಯಾಡ. ನೋಡು."

ದಾಟಿಸುವ ಅಂಬಿಗನೇ ಆಚೆ ದಂಡೆಯಲ್ಲಿ. ಕೊಟ್ರೇಶ ನೀರಿಗೆ ಇಳಿದ. ಬೇಸಿಗೆಯಾದರೂ ನಡುವೆ ಎದೆಮಟ್ಟ ನೀರು. ಕಾಲ ಕೆಳಗಿನ ಕಲ್ಲು ಜಾರುತ್ತಿತ್ತು. ಎರಡು ಸಲ ಮುಗ್ಗರಿಸಿ ನೀರು ಕುಡಿದ. ದೇವರೇ, ಆ ಕಡ್ಡಿ ಇನ್ನೂ ಕಾಯದೆ ಇರಲಿ, ಕೆಂಡ ಆರಿಹೋಗಿರಲಿ ಅಂತ ಬೇಡುತ್ತಲೇ ದಾಟಿದ. ಅಷ್ಟು ಹೆದರಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಸಂಕಮ್ಮನ ಅಂಗಳದಲ್ಲಿ ಚಾಪೆ ಹಾಸಿತ್ತು. ಹುಲುಗಪ್ಪನ ಪಕ್ಕದಲ್ಲಿ ಕುಡಿದಿಟ್ಟ ನೀರಿನ ಚೊಂಬು. ದುರುಗಿ ಸಂಕಮ್ಮನ ತೊಡೆಯ ಮೇಲೆ ಅಂಗಾತ ಮಲಗಿದ್ದಳು. ಅಂಗಿ ಎದೆಯವರೆಗೆ ಎತ್ತಿತ್ತು. ಹುಲುಗಪ್ಪ ಮಗಳ ಎರಡೂ ಕಾಲು ಹಿಡಿದುಕೊಂಡು, ಮುಖ ಅತ್ತ ತಿರುಗಿಸಿ ಅಳುತ್ತಿದ್ದ.

ಕೆಂಡದಲ್ಲಿ ಕಡ್ಡಿ ಕೆಂಪಗೆ ಕಾದಿತ್ತು.

"ತಡೀರಿ!" ಅಂತ ಕೂಗಿದ ಕೊಟ್ರೇಶ. "ಕಾಮಾಲಿ ಅಲ್ಲ ಅದು!"

ಹುಲುಗಪ್ಪ ತಿರುಗಿದ. ಯಾವತ್ತೂ ತಲೆ ತಗ್ಗಿಸಿ ಮಾತಾಡುವ ಮನುಷ್ಯ ಅವತ್ತು ಧ್ವನಿ ಎತ್ತಿದ. "ಅದನ್ನ ಆಗಲೇ ಅಂದ್ರಲ್ರಿ! ನೋಡ್ರಿ ಅಂತ ಕೈ ಮುಗಿದೆ. ನೋಡಿದ್ರೇನು? ನೋಡದ ಹೆಂಗ ಗೊತ್ತಾತು ನಿಮಗ?"

ಕೊಟ್ರೇಶನಿಗೆ ಹೇಳಲು ಬೇಕಾದಷ್ಟಿತ್ತು. ತನ್ನ ಮಾತು ಸರಿ ಇತ್ತು ಅಂತ ವಾದಿಸಬಹುದಿತ್ತು.

"ಹೌದು," ಅಂದ. "ನೋಡಲಿಲ್ಲ. ನಂದು ತಪ್ಪಾತು. ಈಗ ನೋಡ್ತೀನಿ. ಕೂಸನ್ನ ಕೊಡವ್ವ."

ಒದ್ದೆ ಧೋತರದಲ್ಲೇ ಮಣ್ಣಿನ ಮೇಲೆ ಕೂತ. ಸಂಕಮ್ಮ ಅವನನ್ನು ಒಂದು ಸಲ ನೋಡಿ, ಕೂಸನ್ನು ಎತ್ತಿ ಕೊಟ್ಟಳು.

ಅವನು ನೋಡಿದ. ನಾಲಿಗೆ ನೋಡಿದ, ಹೊಟ್ಟೆ ಒತ್ತಿ ನೋಡಿದ, ಅಂಗಾಲು ತಿಕ್ಕಿ ನೋಡಿದ. ಗಡ್ಡ ಸಿಗದೆ ದುರುಗಿ ಅವನ ಕಿವಿ ಹಿಡಿದು ಜಗ್ಗಿದಳು. ಚೆನ್ನಾಗಿಯೇ ನೋಯಿತು.

"ಉಚ್ಚಿ ಯಾವ ಬಣ್ಣ?"

"ನೀರಿನಂಗ ಐತ್ರಿ."

"ಹೊರಕಡಿ? ಬಿಳಚಿಲ್ಲಲ್ಲ?"

"ಇಲ್ರಿ. ಮೊದಲಿನಂಗ ಐತಿ."

"ಆಡ್ತಾಳ?"

"ಆಡ್ತಾಳ್ರಿ. ಹರಿಗೋಲಿನಾಗ ನಿಂದ್ರತೀನಿ ಅಂತ ಬಡಿದಾಡ್ತಾಳ."

"ಊಟ?"

ಹುಲುಗಪ್ಪನ ಧ್ವನಿ ಇಳಿಯಿತು. "ಅದೇ ಚಿಂತಿರಿ ನಂಗ. ಅನ್ನ ಕೊಟ್ರ ಉಗುಳ್ತಾಳ, ರೊಟ್ಟಿ ಕೊಟ್ರ ಚೆಲ್ತಾಳ. ಕುಂಬಳಕಾಯಿ ಒಂದ ಒಳಗ ಹೋಗತೈತಿ. ಹೋದದ್ದ ಪುಣ್ಯ ಅಂತ ತಿಂಗಳಿಂದ ಎರಡೂ ಹೊತ್ತು ಅದನ್ನ ಬೇಯಿಸಿ ತಿನ್ನಸಾಕತ್ತೀನಿ."

"ಆ ಕುಂಬಳಕಾಯಿ ಬಣ್ಣನ ಕೈಗೆ, ಕಾಲಿಗೆ ಬಂದೈತಿ. ನಾಕು ದಿನ ಕಡಿಮಿ ಮಾಡು. ಬ್ಯಾರೆ ಊಟನೂ ಒಂದೊಂದ ತುತ್ತು ರೂಢಿ ಮಾಡು. ತಾನ ಹೋಗತೈತಿ."

ಹುಲುಗಪ್ಪ ನಂಬಿದಂತೆ ಕಾಣಲಿಲ್ಲ.

"ಕಾಮಾಲಿ ಆಗಿದ್ರ ಕಣ್ಣು ಹಳದಿ ಆಗತಿತ್ತು. ನನ್ನ ಮಾತು ಬಿಡು. ನೀನ ನೋಡು."

ಹುಲುಗಪ್ಪ ಕದಲಲಿಲ್ಲ.

"ನೋಡಪ್ಪ."

"ನಂಗ ಅಂಜಿಕಿ ಬರತೈತ್ರಿ," ಅಂದ ಹುಲುಗಪ್ಪ. "ಈಕಿ ಅವ್ವನ ಕಣ್ಣು ಅರಿಷಿಣ ಆಗಿದ್ವು. ಈಕಿ ಮೂರು ತಿಂಗಳ ಕೂಸು ಆವಾಗ. ಆ ಕಣ್ಣು ಬಿಟ್ಕೊಂಡ ಹೋದ್ಲು ಅಯ್ಯಾರ. ಇವತ್ತು ಈ ಕೈ ನೋಡಿದಾಗಿಂದ ನಾ ಈಕಿ ಕಣ್ಣು ನೋಡಿಲ್ಲ."

ಕೊಟ್ರೇಶ ಎದ್ದು, ಕೂಸನ್ನು ಬಿಸಿಲು ಬೀಳುವ ಕಡೆ ತಂದು, ತಂದೆಯ ಮುಖಕ್ಕೆ ಎದುರಾಗಿ ಹಿಡಿದ. ಹುಲುಗಪ್ಪ ಮೆಲ್ಲಗೆ ಮುಖ ಎತ್ತಿದ. ಒಂದು ಕಣ್ಣು ನೋಡಿದ. ರೆಪ್ಪೆ ಸರಿಸಿ ಇನ್ನೊಂದು ನೋಡಿದ. ಮತ್ತೆ ಮೊದಲನೆಯದು ನೋಡಿದ.

"ಬೆಳ್ಳಗ ಐತಿ," ಅಂದ. "ಬೆಳ್ಳಗ ಐತ್ರಿ ಅಯ್ಯಾರ."

ಕೂಸನ್ನು ಕಿತ್ತುಕೊಂಡು ಅಪ್ಪಿ ಹೋ ಅಂತ ಅತ್ತುಬಿಟ್ಟ. ದುರುಗಿ ಅಪ್ಪನ ಮೂಗು ಹಿಂಡಿದಳು.

ಅಳು ನಿಂತ ಮೇಲೆ ಕೊಟ್ರೇಶ ಕೇಳಿದ. "ಈಕಿ ಅವ್ವನ್ನ ಯಾರಿಗೂ ತೋರಿಸಲಿಲ್ಲೇನು?"

"ತೋರಿಸಿದ್ವಿರಿ. ಕಟ್ಟಿ ಮ್ಯಾಲಿಂದನ ನೋಡಿ, ಬಾಣಂತಿ ಸುಸ್ತು, ಏನೂ ಇಲ್ಲ ಅಂದ್ರು."

"ಯಾರು?"

ಹುಲುಗಪ್ಪ ಕೂಸಿನ ಗಲ್ಲ ಒರೆಸುತ್ತ ಕೂತ.

ಸಂಕಮ್ಮ ಕೆಂಡದಿಂದ ಕಡ್ಡಿ ತೆಗೆದು ನೀರಿನ ಕೊಡದಲ್ಲಿ ಅದ್ದಿದಳು. ಚುಂಯ್ ಅಂತು.

"ನಾ ಯಾರನ್ನೂ ಕರಿಯಾಕ ಹೋಗಂಗಿಲ್ಲ ತಮ್ಮಾ," ಅಂದಳು. "ಬಂದವರನ್ನ ಕುಂದರಿಸಿ, ನೀರು ಕೊಟ್ಟು, ಏನಾತಪ್ಪ ಅಂತೀನಿ. ಅದನ್ನ ನೀವು ಮಾಡಿದ್ರ ಇವರು ಹೊಳಿ ದಾಟಿ ನನ್ನ ಮನಿಗ್ಯಾಕ ಬರ್ತಾರ?"

ಕೊಟ್ರೇಶ ಹರಿಗೋಲು ನೀರಿಗೆ ಇಳಿಸಲು ಹುಲುಗಪ್ಪನ ಜೊತೆ ನಡೆದ.

ಸಂಜೆಯ ಬಿಸಿಲಲ್ಲಿ ಹರಿಗೋಲು ಈಚೆ ದಂಡೆಗೆ ಬಂತು. ಕೂಸು ಕೊಟ್ರೇಶನ ತೊಡೆಯ ಮೇಲಿತ್ತು. ರೇವಣಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಯುತ್ತಿದ್ದರು. ಎಷ್ಟು ಹೊತ್ತಿನಿಂದಲೋ ಏನೋ.

ಅವರು ಕೂಸಿನ ಅಂಗಿ ಎತ್ತಿ ಹೊಟ್ಟೆ ನೋಡಿದರು. ಬರೆ ಇರಲಿಲ್ಲ. ದುರುಗಿ ಗಡ್ಡಕ್ಕೆ ಕೈ ಹಾಕಿದಳು. ರೇವಣಯ್ಯ ಹಾಗೇ ದಂಡೆಗೆ ಬಂದು ಮರಳಿನ ಮೇಲೆ ಕುಸಿದು ಕೂತರು.

ಅಪ್ಪ ಮಗಳು ಮನೆಗೆ ಹೋದರು. ಗುರು ಶಿಷ್ಯರಿಬ್ಬರೇ ಉಳಿದರು.

ಕೊಟ್ರೇಶ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ಸಿಟ್ಟು ಬಂತು.

"ನಂದು ತಪ್ಪು, ಒಪ್ಪಿದೆ. ಆದ್ರ ಆಕಿ ಅವ್ವನ್ನ ನೋಡಿದ ವೈದ್ಯ ಎಂಥಾವ ಇರಬೇಕು ಅಜ್ಜಾರ? ಸಾಯಾಕ ಬಿದ್ದ ಬಾಣಂತಿಗೆ ಏನೂ ಇಲ್ಲ ಅಂದಾನಲ್ಲ! ಯಾರಂವ?"

ರೇವಣಯ್ಯ ನೀರು ನೋಡುತ್ತ ಕೂತಿದ್ದರು.

"ಆಕಿ ತಲಿ ತುಂಬ ಸೆರಗು ಹೊದ್ಕೊಂಡು ಅಂಗಳದಾಗ ನಿಂತಿದ್ಲು," ಅಂದರು. "ನಾ ಕಟ್ಟಿ ಮ್ಯಾಲೆ ಇದ್ದೆ. ಕಣ್ಣು ನೋಡಲಿಲ್ಲ."

ಮರಳು ತಣ್ಣಗಾಗುವವರೆಗೆ ಇಬ್ಬರೂ ಅಲ್ಲೇ ಕೂತರು.

ಕೊನೆಗೆ ಕೊಟ್ರೇಶ ಕೇಳಿದ. "ಅಷ್ಟಾದ ಮ್ಯಾಲೂ ಅಂವ ಕೂಸನ್ನ ಎತ್ಕೊಂಡು ನಿಮ್ಮ ಹತ್ರನ ಬರ್ತಾನಲ್ಲ ಅಜ್ಜಾರ. ಯಾಕ?"

ರೇವಣಯ್ಯ ಎಬ್ಬಿಸು ಅಂತ ಕೈ ಚಾಚಿದರು. ಕೊಟ್ರೇಶ ಎರಡೂ ಕೈ ಹಿಡಿದು ಮೆಲ್ಲಗೆ ಎಬ್ಬಿಸಿದ.

"ಯಾಕ ಬರ್ತಾನೋ ನಂಗ ಗೊತ್ತಿಲ್ಲ ತಮ್ಮಾ," ಅಂದರು. "ಬಂದಾಗ ಇಳೀತೀನಿ, ಅಷ್ಟೇ."