ಅರ್ಧವಿರಾಮದ ಅಧಿಕಪ್ರಸಂಗ

ವಾರಿಜಾ ಮೇಡಂ ಬರೆಯುವ ಪತ್ರಗಳಲ್ಲಿ ಅರ್ಧವಿರಾಮಕ್ಕೆ ಹೆಚ್ಚು ಕೆಲಸವಿರಲಿಲ್ಲ. ಎರಡು ವಾಕ್ಯಗಳನ್ನು ಪೂರ್ತಿ ಬಿಡಿಸಲು ಮನಸ್ಸಾಗದಿದ್ದಾಗ ಮಾತ್ರ ಅದನ್ನು ಕರೆಯುತ್ತಿದ್ದರು. ಆದರೆ ಶಾಲೆಯ ಗಂಟೆ ಬಾರಿಸಲು ಅವರು ಬರೆದ ಪ್ರೋಗ್ರಾಮಿನಲ್ಲಿ ಅದರ ಹೆಸರು ಸೆಮಿಕೋಲನ್; ಪ್ರತಿ ಆಜ್ಞೆಯ ಕೊನೆಗೂ ಅದೇ ಬೇಕು. ಅರ್ಧವಿರಾಮ ಬೀಗಿತು.

“ಪೂರ್ಣವಿರಾಮಣ್ಣ, ಇಲ್ಲಿ ನಾನಿಲ್ಲದೆ ಯಾವ ಮಾತೂ ಮುಗಿಯುವುದಿಲ್ಲ, ಗೊತ್ತೇ?”

“ಮುಗಿದ ಕಡೆ ನಿಲ್ಲು ತಮ್ಮಾ. ಮುಗಿಯದ ಕಡೆ ನಿಂತರೆ ಅನಾಹುತ.”

ಈ ಬುದ್ಧಿವಾದ ಅರ್ಧವಿರಾಮಕ್ಕೆ ರುಚಿಸಲಿಲ್ಲ. ‘ಕೆಳಗಿನ ಕೆಲಸವನ್ನು ಹತ್ತು ಸಲ ಮಾಡು’ ಎಂಬ ಸಾಲಿನ ತುದಿ ಖಾಲಿ ಕಂಡಿತು; ಅದರ ಕೆಳಗಿನ ಸಾಲು ‘ಗಂಟೆ ಬಾರಿಸು’. ಮೇಡಂ ಕಾಫಿಗೆ ಎದ್ದು ಹೋದದ್ದೇ ತಡ, ಓಡಿಹೋಗಿ ಅಲ್ಲಿ ಕೂತಿತು.

ಆಜ್ಞೆ ಅಲ್ಲಿಗೇ ಮುಗಿಯಿತೆಂದು ಯಂತ್ರ ನಂಬಿತು. ಸಂಜೆ ಅದು ಹತ್ತು ಸಲ ಏನನ್ನೂ ಮಾಡದೆ ಸುಮ್ಮನಿದ್ದು, ಆಮೇಲೆ ಗಂಟೆಯನ್ನು ಒಂದೇ ಒಂದು ಸಲ ಬಾರಿಸಿತು. ಆ ಶಾಲೆಯಲ್ಲಿ ಹತ್ತು ಬಾರಿಸಿದರೆ ಮನೆಗೆ, ಒಂದು ಬಾರಿಸಿದರೆ ಮುಂದಿನ ಪಾಠಕ್ಕೆ. ಚೀಲ ಹೆಗಲಿಗೇರಿಸಿದ್ದ ಮುನ್ನೂರು ಮಕ್ಕಳು ಹಲ್ಲು ಕಡಿಯುತ್ತ ಮತ್ತೆ ಗಣಿತಕ್ಕೆ ಕೂತರು. ಗಣಿತದ ಮೇಷ್ಟ್ರಿಗೂ ಅಳು ಬಂತು.

ಮೇಡಂ ಒಂದೊಂದೇ ಸಾಲು ತಡಕಿ ಕಡೆಗೆ ಕಳ್ಳನನ್ನು ಹಿಡಿದರು.

“ನೀನು ಇಲ್ಲೇಕೆ ಬಂದೆ?”

“ಜಾಗ ಖಾಲಿಯಿತ್ತು, ಕೂತೆ,” ಎಂದಿತು ಅರ್ಧವಿರಾಮ, ತಲೆ ತಗ್ಗಿಸಿ.

“ಅದು ಹೊಸ್ತಿಲು ಕಣಯ್ಯಾ! ಹೊಸ್ತಿಲ ಮೇಲೆ ಕೂತರೆ ಮಾತು ಒಳಗೆ ಹೋಗುವುದು ಹೇಗೆ?”

ಮೇಡಂ ಅದನ್ನು ಅಳಿಸಿ ಪ್ರೋಗ್ರಾಮನ್ನು ಮತ್ತೆ ಓಡಿಸಿದರು. ಹತ್ತನೆಯ ಗಂಟೆ ಬೀಳುವಷ್ಟರಲ್ಲಿ ಶಾಲೆಯಲ್ಲಿ ನರಪಿಳ್ಳೆಯೂ ಉಳಿದಿರಲಿಲ್ಲ; ಗಣಿತದ ಮೇಷ್ಟ್ರು ಎಲ್ಲರಿಗಿಂತ ಮುಂದಿದ್ದರು.