ಹಂಪವ್ವತಾಯಿಯವರು ಕಮ್ಮಾರನಿಗೆ ಸೆರಗೊಡ್ಡಿದ್ದು

ಹಳ್ಳದ ದಂಡೆಯ ಮೇಲೆ, ಬೇವಿನ ಮರಕ್ಕೆ ಆತುಕೊಂಡಿದ್ದ ಒಂದು ಹುಲ್ಲಿನ ಜೋಪಡಿಯೇ ಮಾತೋಶ್ರೀ ಹಂಪವ್ವತಾಯಿಯವರ ಮಠ. ಬೆಳಗ್ಗೆ ಊರಲ್ಲಿ ನಾಲ್ಕು ಮನೆ ತಿರುಗಿ, ಸೆರಗಿಗೆ ಬಿದ್ದ ಕಾಳು ತಂದು, ಅಂಬಲಿ ಕಾಸಿ ದಾರಿಹೋಕರಿಗೆ ಎರೆದು, ಉಳಿದರೆ ತಾವು ಸ್ವೀಕರಿಸುತ್ತಿದ್ದರು.

ಆ ಊರಿನ ಕಮ್ಮಾರ ಮೌನಪ್ಪನಿಗೆ ತಾಯಿಯವರಲ್ಲಿ ಭಕ್ತಿಯೇನೋ ಇತ್ತು. ಆದರೆ ಎದೆಯಲ್ಲಿ ಒಂದು ಉರಿಯೂ ಇತ್ತು. ಅದು ಒಕ್ಕಲುತನದ ಚನ್ನಮಲ್ಲಪ್ಪನ ಮೇಲಿನದು. ವರ್ಷವಿಡೀ ಅವನ ನೇಗಿಲು ಕುಡಗೋಲು ತಟ್ಟಿಕೊಟ್ಟದ್ದಕ್ಕೆ ಮೌನಪ್ಪನಿಗೆ ಸಿಗುತ್ತಿದ್ದ ಕೂಲಿಯೆಂದರೆ ಸುಗ್ಗಿಯಲ್ಲಿ ಕೊಡುವ ಆಯದ ಕಾಳು. ಬಡಿಗ, ಕುಂಬಾರ, ಅಗಸರ ಜೊತೆ ಅವನೂ ರಾಶಿಯ ಮುಂದೆ ವಸ್ತ್ರ ಹಾಸಿ ನಿಲ್ಲಬೇಕು. ಚನ್ನಮಲ್ಲಪ್ಪ ಮೊರದಿಂದ ಸುರಿಯಬೇಕು. ತನ್ನ ಕಬ್ಬಿಣವಿಲ್ಲದೆ ಅವನ ಹೊಲದಲ್ಲಿ ಒಂದು ಗೆರೆ ಬೀಳದು, ಅನ್ನದಾತ ಎನ್ನಿಸಿಕೊಳ್ಳುವವನು ಮಾತ್ರ ಅವನು! ತಾಯಿಯವರೂ ಮೊದಲ ಭಿಕ್ಷೆಗೆ ಅವನ ಬಾಗಿಲಿಗೇ ಹೋಗುತ್ತಿದ್ದರು. ಅದನ್ನು ಕಂಡ ದಿನ ಮೌನಪ್ಪ ಸುತ್ತಿಗೆಯನ್ನು ಎರಡು ಪಟ್ಟು ಜೋರಾಗಿ ಬಡಿಯುತ್ತಿದ್ದ.

ಆ ವರ್ಷ ಉತ್ತರೆ ಮಳೆ ಹದವಾಗಿ ಬಿತ್ತು. ಎರೆಹೊಲಗಳಲ್ಲಿ ಜೋಳ ಬಿತ್ತುವ ಗಡಿಬಿಡಿ ಎದ್ದಿತು. ಚನ್ನಮಲ್ಲಪ್ಪ ಬೀಜ ಬಿತ್ತುವ ತನ್ನ ಕೂರಿಗೆಯ ಸವೆದ ಕಬ್ಬಿಣದ ಮೊನೆಗಳನ್ನು ಬಿಚ್ಚಿ ತಂದುಕೊಟ್ಟ. ಮೌನಪ್ಪ ಅವನ್ನು ಗೋಣಿತಟ್ಟಿನ ಕೆಳಗೆ ತಳ್ಳಿ, ಉಳಿದವರ ಕೆಲಸ ಮಾಡಿಕೊಡತೊಡಗಿದ.

"ಇದ್ದಿಲು ತೀರ್ಯಾವ್ರಿ ಗೌಡ್ರ, ನಾಳೆ ಬರ್ರಿ" ಎನ್ನುವನು. ಚನ್ನಮಲ್ಲಪ್ಪನ ಮುಖ ಸಪ್ಪಗಾದುದನ್ನು ನೋಡಿ ಒಳಗೊಳಗೇ ಹಿಗ್ಗುವನು. ಎರವಲು ಕೇಳೋಣವೆಂದರೆ ಎಲ್ಲರ ಕೂರಿಗೆಗಳೂ ಹೊಲದಲ್ಲಿದ್ದವು. ಸುತ್ತಲಿನವರ ಬಿತ್ತನೆ ಮುಗಿಯುತ್ತ ಬಂತು. ಚನ್ನಮಲ್ಲಪ್ಪನ ನೆಲದ ಹಸಿ ಆರುತ್ತ ಬಂತು.

ದೂರು ತಾಯಿಯವರ ಕಿವಿಗೆ ಬೀಳುವ ಮೊದಲೇ ತನ್ನ ನ್ಯಾಯ ಹೇಳಿಕೊಳ್ಳಬೇಕೆಂದು ಮೌನಪ್ಪ ಜೋಪಡಿಗೆ ನಡೆದ.

"ಅವ್ವಾ, ನೀವ ಹೇಳ್ರಿ. ಬೆಳೆಯಾಂವ ದೊಡ್ಡಾಂವೋ, ಬೆಳೆಯಾಕ ಹತ್ಯಾರ ಮಾಡಿಕೊಡಾಂವ ದೊಡ್ಡಾಂವೋ? ಅವನ ಮುಂದ ವಸ್ತ್ರ ಹಾಸಿ ಹಾಸಿ ನನಗ ಸಾಕಾಗೈತಿ. ಈ ಸಲ ಅಂವನ ಕೂರಿಗಿ ಮೊನಿ ನಾ ತಟ್ಟಾಂವಲ್ಲ."

ಕಾಳು ಆರಿಸುತ್ತಿದ್ದ ತಾಯಿಯವರು ಮೊರವನ್ನು ಬದಿಗಿಟ್ಟು ಎದ್ದರು. ಅವನೆದುರು ಬಂದು ಸೆರಗನ್ನು ಎರಡೂ ಕೈಗಳಿಂದ ಒಡ್ಡಿ ನಿಂತರು.

"ಆ ಮೊನಿ ನನಗ ನೀಡಪ್ಪಾ."

ಮೌನಪ್ಪ ಹೌಹಾರಿ ಹಿಂದೆ ಸರಿದ. "ಅಯ್ಯೋ ತಾಯಿ! ನನ್ನಂಥಾವನ ಮುಂದ ನೀವು ಸೆರಗ ಒಡ್ಡೂದ? ಬ್ಯಾಡ್ರಿ!"

"ಒಡ್ಡಿದವರು ಸಣ್ಣವರಾದ್ರ ನಾ ದಿನಾ ಸಣ್ಣಾಕಿ ಆಗೇನಿ. ಚನ್ನಮಲ್ಲಪ್ಪ ಮುಗಿಲಿಗೂ ಒಡ್ಡ್ಯಾನ, ನಿನಗೂ ಒಡ್ಡ್ಯಾನ. ಒಡ್ಡಲಾರದಾಂವ ಯಾಂವ ಅದಾನ, ತೋರ್ಸು."

ಮೌನಪ್ಪ ನಿಂತ ಕಾಲಲ್ಲೇ ಮನೆಗೆ ಓಡಿದ, ಕುಲುಮೆ ಹೊತ್ತಿಸಿದ. ಮೊನೆಗಳನ್ನು ಕಾಸಿ ತಟ್ಟಿ, ತಣಿಸಿ ತಂದು ತಾಯಿಯವರ ಸೆರಗಿಗೆ ಹಾಕಿದ. ಅವರು ಅವನ್ನು ಕಣ್ಣಿಗೊತ್ತಿಕೊಂಡು ತಿರುಗಿ ಅವನ ಕೈಗೇ ಇಟ್ಟರು.

"ಈಗ ಇವು ನನ್ನವು. ನೀನ ಹೋಗಿ ಅಂವನ ಹೊಲಾ ಬಿತ್ತಿ ಬಾ."

ಹೊಲದಲ್ಲಿ ಎತ್ತುಗಳ ಪಕ್ಕ ಸುಮ್ಮನೆ ಕುಳಿತಿದ್ದ ಚನ್ನಮಲ್ಲಪ್ಪನ ಮುಂದೆ ಮೌನಪ್ಪ ತಲೆತಗ್ಗಿಸಿ ನಿಂತ. "ಗೌಡ್ರ, ಇದ್ದಿಲು ಇತ್ರಿ. ಹೊಟ್ಟಿಕಿಚ್ಚಿಗೆ ಇಲ್ಲ ಅಂದೆ."

ಚನ್ನಮಲ್ಲಪ್ಪ ಮೊನೆಗಳನ್ನು ಇಸಿದುಕೊಂಡು ಕೂರಿಗೆಗೆ ಸಿಕ್ಕಿಸಿದ. ಆಮೇಲೆ ಅಂದ: "ಹೊಟ್ಟಿಕಿಚ್ಚು ನನಗೂ ನಿನ್ನ ಮ್ಯಾಲ ಐತಿ ಮೌನಪ್ಪ. ನೀ ತಟ್ಟಿದ್ದು ಸಂಜಿಗೆ ನಿನ್ನ ಕಣ್ಣ ಮುಂದ ಇರತೈತಿ. ನಾ ಉಣ್ಣೂ ಜ್ವಾಳಾ ತಂದು ಮಣ್ಣಾಗ ಚೆಲ್ಲಿ ಕಾಯಬೇಕು."

ಅಂದು ಕೂರಿಗೆ ಬಟ್ಟಲಿಗೆ ಕಾಳು ಬಿಟ್ಟವನು ಮೌನಪ್ಪನೇ. ಕಬ್ಬಿಣಕ್ಕೆ ಅಂಜದ ಅವನ ಕೈ, ಬೆರಳ ಸಂದಿಯಿಂದ ಜೋಳ ಜಾರಿ ಮಣ್ಣಲ್ಲಿ ಮಾಯವಾಗುವಾಗ ತಾನಾಗಿ ಮುಷ್ಟಿ ಬಿಗಿಯಿತು. ಇದು ಹುಟ್ಟದಿದ್ದರೆ?

ಹಸಿ ಆರಿದ್ದ ಹೊಲದ ಮೇಲಿನ ತುಂಡು ಹುಟ್ಟಲೇ ಇಲ್ಲ. ಉಳಿದದ್ದು ತೆನೆಗಟ್ಟಿತು. ಮೇಲಿನ ತುಂಡಿನ ಬಗ್ಗೆ ಚನ್ನಮಲ್ಲಪ್ಪ ಎಂದೂ ಎತ್ತಿ ಆಡಲಿಲ್ಲ. ಮೌನಪ್ಪ ಎಂದೂ ಮರೆಯಲಿಲ್ಲ. ಒಂದು ಗೇಣು ಹೊಲವೂ ಇಲ್ಲದ ಆ ಕಮ್ಮಾರ, ಮರುವರ್ಷದಿಂದ ಮಳೆಗಾಲ ಬಂತೆಂದರೆ ತಿದಿಯೊತ್ತುವುದನ್ನು ಬಿಟ್ಟು ಮತ್ತೆ ಮತ್ತೆ ಅಂಗಳಕ್ಕೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಮೋಡ ಎತ್ತ ನಡೆದಿವೆಯೆಂದು ನೋಡುತ್ತಿದ್ದ.